ರೂಪದ ಹೊಣೆ: ಶಿವಾರಪಟ್ಟಣದ ವಿಗ್ರಹವೂ ಮರುಭೂಮಿಯ ಚಿತ್ರವೂ

ಕಲ್ಲಿನಲ್ಲಿ ಕಡೆದದ್ದು, ಬೆಲೆ ಕಟ್ಟಿ ಮಾರಿದ್ದು, ಲಾರಿಯಲ್ಲಿ ಊರಿಂದೂರಿಗೆ ಸಾಗಿದ್ದು ಕೊನೆಗೆ ದೇವರಾಗುವುದು ಹೇಗೆ ಎಂಬ ಪ್ರಶ್ನೆ ವಿಗ್ರಹಾರಾಧನೆಯಷ್ಟೇ ಹಳೆಯದು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರದ ವಿಮರ್ಶೆಯಾಗಿ ಅದನ್ನು ಎತ್ತಿದರು. ಆಗಮಗಳು ಪ್ರತಿಷ್ಠಾವಿಧಿಯ ಮೂಲಕ ಅದಕ್ಕೆ ಉತ್ತರ ಕೊಟ್ಟವು. ವೇದಾಂತಿಗಳು ಪ್ರತೀಕೋಪಾಸನೆಯಿಂದ, ಅಂದರೆ ರೂಪವಿಲ್ಲದ ತತ್ತ್ವವನ್ನು ಒಂದು ಗುರುತಿನ ಆಸರೆಯಲ್ಲಿ ಧ್ಯಾನಿಸುವ ಕ್ರಮದಿಂದ, ಅದನ್ನು ಬಿಡಿಸಿದರು. ಈ ಮೂರು ನಿಲುವುಗಳೂ ಪೂಜಿಸುವವನನ್ನು ನಡುವೆ ಇಟ್ಟುಕೊಂಡು ಹುಟ್ಟಿದವು. ರೂಪವನ್ನು ಮಾಡುವವನ ಕಡೆಯಿಂದ ಕೇಳಿಕೊಂಡಾಗ ಪ್ರಶ್ನೆ ಬೇರೆಯಾಗುತ್ತದೆ: ಪವಿತ್ರವಾದ ಕಥೆಯೊಂದಕ್ಕೆ ರೂಪ ಕೊಡುವ ಅಧಿಕಾರ ಯಾರದು, ಆ ಅಧಿಕಾರದ ಜೊತೆಗೆ ಬರುವ ಹೊಣೆ ಯಾವುದು, ರೂಪವು ಮಾರಾಟವಾದಾಗ ಆ ಹೊಣೆ ಏನಾಗುತ್ತದೆ? ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಈ ಪ್ರಶ್ನೆ ದಿನನಿತ್ಯದ ಕಸುಬಿನೊಳಗೇ ಅಡಗಿದೆ. ಆಸ್ಟ್ರೇಲಿಯದ ನಡುನಾಡಿನ ಮರುಭೂಮಿಯಲ್ಲಿ ಅಲ್ಲಿನ ಮೂಲನಿವಾಸಿ ಚಿತ್ರಕಾರರು 1971ರಿಂದ ಈಚೆಗೆ ಇದೇ ಪ್ರಶ್ನೆಯನ್ನು ಬಣ್ಣ ಮತ್ತು ಕ್ಯಾನ್ವಾಸುಗಳ ನಡುವೆ ಎದುರಿಸಿದ್ದಾರೆ. ಈ ಎರಡು ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪಾವಿತ್ರ್ಯವು ವಸ್ತುವಿಗೆ ಅಂಟಿದ ಗುಣವೆನ್ನುವುದಕ್ಕಿಂತ ಅದನ್ನು ಮಾಡುವವರು, ಕಾಯುವವರು, ಪಡೆಯುವವರು ಹೊರುವ ಹೊಣೆಯ ಫಲವೆಂದು ತಿಳಿಯುವುದೇ ಹೆಚ್ಚು ಸರಿಯೆನಿಸುತ್ತದೆ.

ಶಿವಾರಪಟ್ಟಣ ಶಿಲ್ಪಿಗಳ ಊರು. ಗಂಗರ ಮೊದಲ ರಾಜಧಾನಿಯಾಗಿದ್ದ ಕುವಲಾಲಪುರ, ಅಂದರೆ ಇಂದಿನ ಕೋಲಾರ, ಇರುವ ಸೀಮೆಯಲ್ಲೇ ಈ ಊರೂ ಇದೆ. ಇಲ್ಲಿನ ಶಿಲ್ಪಕಲೆ ಗಂಗರ ಕಾಲದಿಂದ ಬಂದದ್ದೆಂದು ಊರಿನ ಪರಂಪರೆ ನಂಬುತ್ತದೆ. ವಿಶ್ವಕರ್ಮ ಸಮುದಾಯದ ಮನೆತನಗಳು ಇಲ್ಲಿ ಕಲ್ಲಿನ ವಿಗ್ರಹಗಳನ್ನೂ ಲೋಹದ ವಿಗ್ರಹಗಳನ್ನೂ ಮಾಡುತ್ತವೆ. ಮನೆಯ ಮುಂದಿನ ಅಂಗಳವೇ ಕೆಲಸದ ಜಾಗವಾದ ಈ ಊರಿನಲ್ಲಿ ಅರ್ಧ ಮೂಡಿದ ಗಣಪತಿ, ಕಾಲು ಮಾತ್ರ ಬಿಡಿಸಿದ ಆಂಜನೇಯ, ನಂದಿ, ನಾಗರಕಲ್ಲುಗಳು ಒಂದೇ ಬಿಸಿಲಿನಲ್ಲಿ ಸಾಲಾಗಿ ನಿಲ್ಲುತ್ತವೆ. ಇವುಗಳಲ್ಲಿ ಕೆಲವು ಗರ್ಭಗುಡಿಗೆ ಹೋಗುತ್ತವೆ, ಕೆಲವು ಹೋಟೆಲಿನ ಮುಂಬಾಗಿಲಿಗೋ ಮನೆಯ ಕೈತೋಟಕ್ಕೋ ಹೋಗುತ್ತವೆ. ಒಂದೇ ಕಲ್ಲು, ಒಂದೇ ಉಳಿ, ಒಂದೇ ಕೈಯಿಂದ ಹುಟ್ಟಿದ ಎರಡು ರೂಪಗಳಲ್ಲಿ ಒಂದು ದೇವರಾಗಿ ಇನ್ನೊಂದು ಅಲಂಕಾರವಾಗಿ ಉಳಿಯುತ್ತದೆ ಎಂದಮೇಲೆ ಪಾವಿತ್ರ್ಯವನ್ನು ಕಲ್ಲಿನಲ್ಲೂ ಕೌಶಲದಲ್ಲೂ ಹುಡುಕಿ ಪ್ರಯೋಜನವಿಲ್ಲ.

ಈ ಕೆಲಸದ ಹಿಂದೆ ಒಂದು ಸೃಷ್ಟಿಕಥೆ ಇದೆ. ಋಗ್ವೇದದ ಹತ್ತನೆಯ ಮಂಡಲದ 81 ಮತ್ತು 82ನೆಯ ಸೂಕ್ತಗಳು ವಿಶ್ವಕರ್ಮನನ್ನು ಕುರಿತವು. ಎಲ್ಲ ಕಡೆಗೂ ಕಣ್ಣು, ಮುಖ, ತೋಳು, ಪಾದಗಳುಳ್ಳ ಆ ದೇವರು ಭೂಮಿ ಮತ್ತು ಆಕಾಶಗಳನ್ನು ಮಾಡುವಾಗ ಎಲ್ಲಿ ನಿಂತಿದ್ದ, ಯಾವ ಕಾಡಿನ ಯಾವ ಮರದಿಂದ ಅವುಗಳನ್ನು ಕೆತ್ತಿದ ಎಂದು ಆ ಋಷಿ ಕೇಳುತ್ತಾನೆ. ಜಗತ್ತು ಒಂದು ಕಮ್ಮಟದಲ್ಲಿ ಆದ ಕೆಲಸ, ಅದಕ್ಕೆ ಕಚ್ಚಾವಸ್ತು ಬೇಕು, ನಿಲ್ಲಲು ನೆಲೆ ಬೇಕು ಎಂಬ ಕುಶಲಕರ್ಮಿಯ ಎಣಿಕೆ ಈ ಪ್ರಶ್ನೆಯಲ್ಲಿದೆ. ಮುಂದಿನ ಪರಂಪರೆ ವಿಶ್ವಕರ್ಮನ ಐದು ಮುಖಗಳಿಂದ ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞ ಎಂಬ ಐವರು ಹುಟ್ಟಿದರೆಂದೂ ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನದ ಕೆಲಸಗಳು ಕ್ರಮವಾಗಿ ಅವರಿಂದ ನಡೆದುಬಂದವೆಂದೂ ಹೇಳುತ್ತದೆ; ಸಾನಗ, ಸನಾತನ, ಅಹಭೂನ, ಪ್ರತ್ನ, ಸುಪರ್ಣ ಎಂಬ ಐದು ಗೋತ್ರಗಳು ಆ ಐವರನ್ನೇ ಮೂಲವಾಗಿ ಕಾಣುತ್ತವೆ. ಹೀಗಾಗಿ ಶಿಲ್ಪಿಯ ಪಾಲಿಗೆ ಸೃಷ್ಟಿ ಎಂದೋ ಮುಗಿದುಹೋದ ಘಟನೆಯಲ್ಲ. ಅದು ಅವನ ವಂಶಕ್ಕೆ ಒಪ್ಪಿಸಿದ ಕೆಲಸ, ಮತ್ತು ಉಳಿ ಹಿಡಿದಾಗಲೆಲ್ಲ ಅವನು ಆ ಮೊದಲ ಕೆಲಸವನ್ನು ಮುಂದುವರಿಸುತ್ತಾನೆ.

ಮುಂದುವರಿಸುವವನಿಗೆ ಮನಸ್ಸಿಗೆ ಬಂದಂತೆ ಮಾಡುವ ಸ್ವಾತಂತ್ರ್ಯವಿಲ್ಲ. ಶಿಲ್ಪಶಾಸ್ತ್ರದ ಪ್ರಕಾರ ಮೊದಲನೆಯದು ಶಿಲಾಪರೀಕ್ಷೆ: ತಟ್ಟಿದಾಗ ಗಂಟೆಯಂತೆ ಮೊಳಗುವ ಕಲ್ಲು ಪುರುಷಶಿಲೆ, ತಾಳದಂತೆ ಮೆಲುವಾಗಿ ನುಡಿಯುವುದು ಸ್ತ್ರೀಶಿಲೆ, ನಾದವೇ ಇಲ್ಲದ್ದು ನಪುಂಸಕ ಶಿಲೆ, ದೇವನ ವಿಗ್ರಹಕ್ಕೆ ಮೊದಲನೆಯದು, ದೇವಿಗೂ ಪೀಠಕ್ಕೂ ಎರಡನೆಯದು, ಪೀಠದ ಅಡಿಯ ನ್ಯಾಸಕ್ಕೆ ಮೂರನೆಯದು. ಒಳಗೆ ಪೊಳ್ಳು, ನೀರು ಅಥವಾ ಜೀವಿ ಇರುವ ಕಲ್ಲನ್ನು ಸಗರ್ಭಶಿಲೆ ಎಂದು ಕರೆದು ತ್ಯಜಿಸಬೇಕು. ಎರಡನೆಯದು ತಾಳಮಾನ, ಅಂದರೆ ಮುಖದ ಉದ್ದವನ್ನೇ ಅಳತೆಗೋಲಾಗಿ ಹಿಡಿದು ಇಡೀ ದೇಹವನ್ನು ಎಣಿಸುವ ಕ್ರಮ. ಒಂದು ತಾಳಕ್ಕೆ 12 ಅಂಗುಲ. ಈ ಅಂಗುಲ ಯಾರ ಬೆರಳಿನ ಅಳತೆಯೂ ಅಲ್ಲ, ಆಯಾ ವಿಗ್ರಹದ ಎತ್ತರವನ್ನೇ ಭಾಗಿಸಿ ಪಡೆದದ್ದು. ವಿಷ್ಣು, ಶಿವರಂಥ ಪ್ರಧಾನ ದೇವತೆಗಳಿಗೆ 124 ಅಂಗುಲಗಳ ಉತ್ತಮ ದಶತಾಳ, ಗಣಪತಿಗೆ ಪಂಚತಾಳ ಎಂದು ದೇವತೆಗೆ ತಕ್ಕಂತೆ ಮಾನ ಬದಲಾಗುತ್ತದೆ. ನೆತ್ತಿಯಿಂದ ಪಾದದವರೆಗೆ ಎಳೆದ ಬ್ರಹ್ಮಸೂತ್ರವೆಂಬ ನಡುಗೆರೆಯಿಂದ ಮೂಗಿನ ತುದಿ ಎಷ್ಟು ದೂರ, ಹೊಕ್ಕುಳು ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಒಳಪಟ್ಟಿರುತ್ತದೆ. ಮೂರನೆಯದು ಧ್ಯಾನಶ್ಲೋಕ: ದೇವತೆಯ ಕೈಗಳೆಷ್ಟು, ಆಯುಧಗಳೇನು, ನಿಲುವು ಯಾವುದು, ಮುಖಭಾವ ಎಂಥದು ಎಂಬುದನ್ನು ಹೇಳುವ ಈ ಪದ್ಯವನ್ನು ಶಿಲ್ಪಿ ಮೊದಲು ಮನಸ್ಸಿನಲ್ಲಿ ಕಂಡು ಆಮೇಲೆ ಕಲ್ಲಿನಲ್ಲಿ ಕಾಣಿಸಬೇಕು. ಲೋಹದ ಕೆಲಸಕ್ಕೂ ಇದೇ ಶಿಸ್ತು ಇದೆ. ಜೇನುಮೇಣದಲ್ಲಿ ರೂಪ ತಿದ್ದಿ, ಅದಕ್ಕೆ ನಯವಾದ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿದಾಗ ಮೇಣ ಕರಗಿ ಹರಿದು ಬಿಟ್ಟುಹೋದ ಟೊಳ್ಳಿಗೆ ಲೋಹದ ಎರಕ ಹೊಯ್ಯುವ ಈ ಮಧೂಚ್ಛಿಷ್ಟ ವಿಧಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ವಿವರಿಸಿದೆ.

ಈ ಎಲ್ಲ ಶ್ರಮ ಒಂದು ಕ್ಷಣದತ್ತ ಸಾಗುತ್ತದೆ. ವಿಗ್ರಹದ ಮೈಯೆಲ್ಲ ಮುಗಿದ ಮೇಲೂ ಕಣ್ಣಿನ ಕೊನೆಯ ಗೆರೆಯನ್ನು ಉಳಿಸಿಕೊಳ್ಳುವುದು ಪದ್ಧತಿ. ಪ್ರತಿಷ್ಠೆಗೆ ಮುನ್ನ ವಿಗ್ರಹವನ್ನು ನೀರಿನಲ್ಲಿ ಇರಿಸುವ ಜಲಾಧಿವಾಸ, ಧಾನ್ಯದಲ್ಲಿ ಹುದುಗಿಸುವ ಧಾನ್ಯಾಧಿವಾಸ, ಹಾಸಿಗೆಯ ಮೇಲೆ ಮಲಗಿಸುವ ಶಯ್ಯಾಧಿವಾಸಗಳು ನಡೆಯುತ್ತವೆ. ಇವುಗಳ ಜೊತೆಗೆ ನಯನೋನ್ಮೀಲನ, ಅಂದರೆ ಕಣ್ಣು ತೆರೆಸುವ ಕರ್ಮ, ಬರುತ್ತದೆ. ತೆರೆ ಕಟ್ಟಿದ ಮರೆಯಲ್ಲಿ ಶಿಲ್ಪಿ ಚಿನ್ನದ ಸೂಜಿಯಿಂದ ರೆಪ್ಪೆ ಮತ್ತು ಕಣ್ಣುಗುಡ್ಡೆಯ ಮಂಡಲಗಳನ್ನು ಬಿಡಿಸುತ್ತಾನೆ. ಹೊಸದಾಗಿ ತೆರೆದ ದೃಷ್ಟಿಗೆ ತಡೆಯಲಾಗದ ತೀಕ್ಷ್ಣತೆ ಇರುತ್ತದೆ ಎಂಬ ನಂಬಿಕೆಯಿಂದ ಆ ಮೊದಲ ನೋಟ ಕನ್ನಡಿ, ಕರುವಿನೊಡನೆ ನಿಂತ ಹಸು, ಧಾನ್ಯರಾಶಿ, ಕನ್ಯೆಯರಂಥ ಮಂಗಳವಸ್ತುಗಳ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ಬಳಿಕ ಪ್ರಾಣಪ್ರತಿಷ್ಠೆ, ಕುಂಭಾಭಿಷೇಕ. ಅಲ್ಲಿಂದಾಚೆಗೆ ವಿಗ್ರಹವನ್ನು ಮುಟ್ಟುವ ಅಧಿಕಾರ ಅರ್ಚಕನದು. ಅದಕ್ಕೆ ಕಣ್ಣು ಕೊಟ್ಟವನು ಗರ್ಭಗುಡಿಯ ಹೊಸ್ತಿಲಾಚೆ ಉಳಿದ ಭಕ್ತರೊಡನೆ ನಿಲ್ಲುತ್ತಾನೆ.

ಆಸ್ಟ್ರೇಲಿಯದ ಪಶ್ಚಿಮ ಮರುಭೂಮಿಯ ಜನರ ಸೃಷ್ಟಿಕಥೆಗೆ ಬೇರೆಯೇ ಭೂಗೋಳವಿದೆ, ಆದರೆ ಅಲ್ಲಿಯೂ ಸೃಷ್ಟಿ ಮುಗಿದ ಘಟನೆಯಲ್ಲ. ಪಿಚಂಚಾರ ಭಾಷೆಯಲ್ಲಿ ಚುಕುರ್ಪ, ವಾರ್ಲ್‌ಪಿರಿ ಭಾಷೆಯಲ್ಲಿ ಜುಕುರ್ಪ ಎಂದು ಕರೆಯುವ ತತ್ತ್ವವು ಪೂರ್ವಜ ಜೀವಿಗಳು ಮನುಷ್ಯರೂಪದಲ್ಲೂ ಪ್ರಾಣಿರೂಪದಲ್ಲೂ ನೆಲದ ಮೇಲೆ ನಡೆದು ಬೆಟ್ಟ, ನೀರುಗುಂಡಿ, ಮರಳದಿಣ್ಣೆಗಳನ್ನು ರೂಪಿಸಿದ ಕಾಲವನ್ನೂ, ಅವರು ಹಾಕಿಕೊಟ್ಟ ಕಟ್ಟಳೆಯನ್ನೂ, ಈಗಲೂ ಆ ನೆಲದಲ್ಲಿ ನೆಲೆಸಿರುವ ಅವರ ಸತ್ತ್ವವನ್ನೂ ಒಟ್ಟಿಗೆ ಸೂಚಿಸುತ್ತದೆ. ವಿಧಿಗಳ ಸಂದರ್ಭದಲ್ಲಿ ಈ ಪಯಣಗಳನ್ನು ಕಾವಿಮಣ್ಣು, ಹಕ್ಕಿಯ ತುಪ್ಪಳ, ಇದ್ದಿಲುಗಳಿಂದ ನೆಲದ ಮೇಲೆ ಮತ್ತು ಮೈಮೇಲೆ ಬಿಡಿಸುತ್ತಿದ್ದರು. ವಿಧಿ ಮುಗಿದಾಗ ಕುಣಿಯುವ ಕಾಲುಗಳಡಿಯಲ್ಲಿ ನೆಲದ ಚಿತ್ರ ಅಳಿದುಹೋಗುತ್ತಿತ್ತು. ಒಂದರೊಳಗೊಂದು ಬರೆದ ವೃತ್ತಗಳು ನೀರಿನ ನೆಲೆ ಅಥವಾ ಬಿಡಾರ, ಅವುಗಳನ್ನು ಸೇರಿಸುವ ಗೆರೆಗಳು ಪಯಣದ ದಾರಿ, ಕುದುರೆಲಾಳದಂಥ ಗುರುತು ನೆಲದ ಮೇಲೆ ಕುಳಿತ ವ್ಯಕ್ತಿ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದ ಪಪುನ್ಯ ಎಂಬ ಸರ್ಕಾರಿ ವಸತಿನೆಲೆಯಲ್ಲಿ, ತಮ್ಮ ನೆಲದಿಂದ ದೂರವಾಗಿ ಬಂದು ಸೇರಿದ್ದ ಹಲವು ಭಾಷೆಗಳ ಜನರ ನಡುವೆ, 1971ರಲ್ಲಿ ಶಾಲೆಯ ಕಲಾಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಹಿರಿಯರು ಜೇನಿರುವೆಯ ಪೂರ್ವಜಕಥೆಯನ್ನು ಶಾಲೆಯ ಗೋಡೆಯ ಮೇಲೆ ಬಿಡಿಸಿದರು. ಮರುವರ್ಷ ಅವರದೇ ಆದ ಪಪುನ್ಯ ಟುಲ ಕಲಾವಿದರ ಸಂಸ್ಥೆ ಹುಟ್ಟಿತು. ಅಳಿಯುವುದೇ ಧರ್ಮವಾಗಿದ್ದ ಚಿತ್ರ ಹೀಗೆ ಹಲಗೆ ಮತ್ತು ಕ್ಯಾನ್ವಾಸಿನ ಮೇಲೆ ಉಳಿಯತೊಡಗಿತು. ಆ ಗೋಡೆಯ ಚಿತ್ರದ ಮೇಲೆ 1974ರಲ್ಲಿ ಬಣ್ಣ ಬಳಿಯಲಾಯಿತು. ಆದರೆ ಮರುಭೂಮಿಯ ಚಿತ್ರಕಲೆ ಅಷ್ಟರೊಳಗೆ ಹೊರಜಗತ್ತನ್ನು ಪ್ರವೇಶಿಸಿತ್ತು.

ಉಳಿಯುವ ಚಿತ್ರದಿಂದ ಹೊಸ ಧರ್ಮಸಂಕಟ ಎದುರಾಯಿತು. ದೀಕ್ಷೆ ಪಡೆದವರಿಗೆ ಮಾತ್ರ ಮೀಸಲಾದ ವಸ್ತುಗಳೂ ಗುರುತುಗಳೂ ಮೊದಲ ವರ್ಷಗಳ ಹಲಗೆಗಳಲ್ಲಿ ಕಾಣಿಸಿಕೊಂಡಿದ್ದವು. ಅವು ಪಟ್ಟಣದಲ್ಲಿ ಎಲ್ಲರ ಕಣ್ಣಿಗೆ ಬಿದ್ದಾಗ ಬೇರೆ ಸಮುದಾಯಗಳ ಹಿರಿಯರು ತೀವ್ರವಾಗಿ ಆಕ್ಷೇಪಿಸಿದರು. ಚಿತ್ರಕಾರರು ನಿಷಿದ್ಧ ಗುರುತುಗಳನ್ನು ಕೈಬಿಟ್ಟರು, ಮತ್ತು ಮೊದಲು ಅಂಚು ತುಂಬಲು ಬಳಸುತ್ತಿದ್ದ ಚುಕ್ಕಿಗಳನ್ನು ಇಡೀ ಚಿತ್ರಕ್ಕೆ ಹರಡಿ ಹೇಳಬಾರದ್ದನ್ನು ಅವುಗಳಡಿ ಮರೆಸುವ ರೀತಿಯೂ ಬೆಳೆಯಿತು. ಜಗತ್ತು ಶೈಲಿಯೆಂದು ಮೆಚ್ಚಿಕೊಂಡ ಚುಕ್ಕಿಗಳ ಹಿಂದೆ ಹೀಗೊಂದು ಮರ್ಯಾದೆಯ ಕಾರಣವೂ ಇದೆ. ಯಾವ ಕಥೆಯನ್ನು ಯಾರು ಬಿಡಿಸಬಹುದು ಎಂಬುದಕ್ಕೂ ಕಟ್ಟುನಿಟ್ಟಾದ ವ್ಯವಸ್ಥೆಯಿದೆ. ವಾರ್ಲ್‌ಪಿರಿ ಜನರಲ್ಲಿ ತಂದೆಯ ಕಡೆಯಿಂದ ಕಥೆಯ ಒಡೆತನ ಪಡೆದವರು ಕಿರ್ಡ, ತಾಯಿಯ ಕಡೆಯಿಂದ ಅದೇ ಕಥೆಯ ಉಸ್ತುವಾರಿ ಪಡೆದವರು ಕುರ್ದುಂಗುರ್ಲು. ಮೊದಲಿನವರು ವಿಧಿಯನ್ನು ನಡೆಸುತ್ತಾರೆ, ಎರಡನೆಯವರು ಅದು ಸರಿಯಾಗಿ ನಡೆಯಿತೇ ಎಂದು ನೋಡಿಕೊಳ್ಳುತ್ತಾರೆ. ಒಡೆಯನೂ ಸಾಕ್ಷಿಯಿಲ್ಲದೆ ತನ್ನ ಕಥೆಯನ್ನು ಹೇಳಲಾರ. ಕ್ಲಿಫರ್ಡ್ ಪಾಸಮ್ ಚಪಲ್ಚಾರಿ 1977ರಲ್ಲಿ ಬಿಡಿಸಿದ ವಾರ್ಲುಗುಲಾಂಗ್ ಎಂಬ ಚಿತ್ರದ ನಡುವೆ ನೀಲಿನಾಲಿಗೆಯ ಹಲ್ಲಿಯ ರೂಪದ ಪೂರ್ವಜ ಹೊತ್ತಿಸಿದ ಕಾಡುಬೆಂಕಿಯ ಕಥೆಯಿದೆ. ತಂದೆಗೆ ಪಾಲು ಕೊಡದೆ ಬೇಟೆಯನ್ನು ತಿಂದ ಇಬ್ಬರು ಮಕ್ಕಳನ್ನು ಆ ಬೆಂಕಿ ಅಟ್ಟಿಸಿಕೊಂಡು ಹೋಯಿತು. ಹಂಚಿಕೊಳ್ಳುವ ಕಟ್ಟಳೆಯನ್ನು ಸಾರುವ ಈ ಚಿತ್ರ ಮೊದಲು 1,200 ಡಾಲರಿಗೆ ಮಾರಾಟವಾಗಿ, 2007ರಲ್ಲಿ 24 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ರಾಷ್ಟ್ರೀಯ ಕಲಾಸಂಗ್ರಹಾಲಯವನ್ನು ಸೇರಿತು. ಬೆಲೆ ಏರಿತು, ಆದರೆ ಕೊಂಡವರಿಗೆ ಸಿಕ್ಕಿದ್ದು ಕ್ಯಾನ್ವಾಸು ಮಾತ್ರ. ಆ ಕಥೆಯನ್ನು ಮತ್ತೆ ಬಿಡಿಸುವ ಹಕ್ಕು ಯಾವ ಬೆಲೆಗೂ ಸಿಗುವಂಥದ್ದಾಗಿರಲಿಲ್ಲ.

ಆ ಹಕ್ಕಿನ ಬೇರು ನೆಲದಲ್ಲಿದೆ ಎಂಬುದು 1997ರಲ್ಲಿ ಇನ್ನೂ ಸ್ಪಷ್ಟವಾಯಿತು. ಪಶ್ಚಿಮ ಆಸ್ಟ್ರೇಲಿಯದ ಮಹಾಮರಳುಗಾಡಿನ ನಲವತ್ತಕ್ಕೂ ಹೆಚ್ಚು ಚಿತ್ರಕಾರರು ಸೇರಿ ಸುಮಾರು ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಙುರ್‌ರಾರ ಕ್ಯಾನ್ವಾಸನ್ನು ಬಿಡಿಸಿ, ಭೂಹಕ್ಕಿನ ವಿಚಾರಣೆಯ ಮುಂದೆ ಅದನ್ನು ನೆಲದ ಮೇಲೆ ಹಾಸಿದರು. ಒಬ್ಬೊಬ್ಬರೂ ಚಿತ್ರದಲ್ಲಿ ತಮ್ಮ ನೀರಿನ ನೆಲೆ ಇರುವ ಭಾಗದ ಮೇಲೆ ನಿಂತು ತಮ್ಮ ಭಾಷೆಯಲ್ಲಿ ಆ ನೆಲದ ಕಥೆ ಹೇಳಿದರು. ಹತ್ತು ವರ್ಷಗಳ ಅನಂತರ, 2007ರಲ್ಲಿ, ಅವರ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು. ಕೋಲಾರ ಸೀಮೆಯ ಓದುಗರಿಗೆ ನೆಲ ಮತ್ತು ಕಥೆಗಳ ಈ ನಂಟು ತೀರ ಅಪರಿಚಿತವೆನಿಸದು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂದು ಜನ ಬಂಡೆಬಂಡೆಯನ್ನೂ ತೋರಿಸಿ ಹೇಳುತ್ತಾರೆ. ಕೋಲಾರದ ಶತಶೃಂಗ ಬೆಟ್ಟಕ್ಕೆ ಪರಶುರಾಮ ಕಾರ್ತವೀರ್ಯರ ಕಥೆ ಅಂಟಿಕೊಂಡಿದೆ, ಅದರ ಮಡಿಲಿನ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಹರಿಯುತ್ತದೆ. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಆವಣಿಯ ಕಥೆ ಯಾರದೂ ಆಗಬಲ್ಲದು, ಯಾವ ಊರಿನ ಶಿಲ್ಪಿಯಾದರೂ ಲವಕುಶರನ್ನು ಕೆತ್ತಬಹುದು. ಮರುಭೂಮಿಯಲ್ಲಿ ಕಥೆಗೇ ವಾರಸುದಾರರಿದ್ದಾರೆ. ಶಿವಾರಪಟ್ಟಣದಲ್ಲಿ ಕಥೆ ಎಲ್ಲರದು, ಅದಕ್ಕೆ ರೂಪ ಕೊಡುವ ಮಾನ ಮತ್ತು ವಿಧಾನಗಳಿಗೆ ವಾರಸುದಾರರಿದ್ದಾರೆ. ಅಲ್ಲಿ ಹೊಣೆ ಕಥೆಯ ಜೊತೆಗೂ ಇಲ್ಲಿ ಹೊಣೆ ಅಳತೆಯ ಜೊತೆಗೂ ಇಳಿದುಬರುತ್ತದೆ.

ಎರಡು ಕಡೆಯೂ ಈ ಹೊಣೆ ಮಾಡಿದವನಿಗಿಂತ ದೊಡ್ಡದು. ಮರುಭೂಮಿ ಮತ್ತು ಉತ್ತರದ ಆರ್ನೆಮ್ ನಾಡಿನ ಚಿತ್ರಕಾರರ ವಿನ್ಯಾಸಗಳನ್ನು ಅನುಮತಿಯಿಲ್ಲದೆ ನೇಯಿಸಿದ ಜಮಖಾನೆಗಳ ಮೊಕದ್ದಮೆಯಲ್ಲಿ 1994ರಲ್ಲಿ ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯ ಒಂದು ಮುಖ್ಯ ಸಂಗತಿಯನ್ನು ಗಮನಕ್ಕೆ ತೆಗೆದುಕೊಂಡಿತು: ವಿನ್ಯಾಸ ದುರುಪಯೋಗವಾದದ್ದು ಚಿತ್ರಕಾರರಿಗೆ ಗೊತ್ತಿಲ್ಲದಿದ್ದರೂ ಅವರ ಸಮುದಾಯದ ಕಟ್ಟಳೆಯ ಮುಂದೆ ಅವರೇ ಉತ್ತರ ಹೇಳಬೇಕಾಗಿತ್ತು. ಕಾಲಡಿಯ ಜಮಖಾನೆಯ ಮೇಲೆ ಪೂರ್ವಜರ ಗುರುತು ಬಿದ್ದರೆ ಅದು ಮಾಡಿದವರ ತಲೆಗೇ ಬರುತ್ತದೆ. ಕನ್ನಡ ನಾಡಿನ ಜಕಣಾಚಾರಿಯ ಐತಿಹ್ಯದಲ್ಲೂ ಇದೇ ತತ್ತ್ವ ಇನ್ನೊಂದು ಬಗೆಯಲ್ಲಿ ಮೂಡಿದೆ. ಹೆಸರಾಂತ ಶಿಲ್ಪಿ ಕಡೆದ ವಿಗ್ರಹದ ಕಲ್ಲು ಸಗರ್ಭಶಿಲೆ ಎಂದು ಅವನ ಮಗನೇ ಆದ ಹುಡುಗ ಡಂಕಣ ತೋರಿಸಿಕೊಟ್ಟ, ಹೊಕ್ಕುಳ ಬಳಿಯಿಂದ ಕಪ್ಪೆ ಹೊರಬಿತ್ತು, ಆಡಿದ ಮಾತಿಗೆ ಕಟ್ಟುಬಿದ್ದು ಜಕಣ ತನ್ನ ಕೈಯನ್ನೇ ಕಡಿದುಕೊಂಡ ಎಂಬ ಈ ಕಥೆಯ ತಂದೆಮಕ್ಕಳನ್ನು ಮುಳಬಾಗಿಲಿನ ಬಳಿಯ ಕುರುಡುಮಲೆಯ ಸೋಮೇಶ್ವರ ಗುಡಿಯೊಡನೆಯೂ ಜನ ಸೇರಿಸಿ ಹೇಳುತ್ತಾರೆ. ಐತಿಹ್ಯದ ಚಾರಿತ್ರಿಕತೆ ಇಲ್ಲಿ ಮುಖ್ಯವಲ್ಲ. ಕಲ್ಲಿನ ಒಳಗಿನ ದೋಷಕ್ಕೂ ಕಡೆದವನೇ ಹೊಣೆ ಎಂಬ ನಿಲುವನ್ನು ಒಂದು ಸಮಾಜ ಕಥೆಯಾಗಿ ಕಾಪಾಡಿಕೊಂಡು ಬಂದಿರುವುದು ಮುಖ್ಯ.

ಇಲ್ಲಿ ಶರಣರ ಆಕ್ಷೇಪವನ್ನು ಎದುರಿಸಲೇಬೇಕು. ಕೈ ಮಾಡಿದ್ದನ್ನು ದೇವರೆನ್ನುವುದು ಕೈಯನ್ನೇ ದೇವರ ಮೇಲೆ ಇರಿಸಿದಂತಲ್ಲವೇ, ಅಳಿಯುವ ಸ್ಥಾವರದಲ್ಲಿ ಅಳಿಯದ್ದನ್ನು ಕಾಣುವುದು ಹೇಗೆ ಎಂಬ ಅವರ ಪ್ರಶ್ನೆಗೆ ಬಲವಿದೆ. ದೇವಾಲಯ ಕಟ್ಟಿಸಬಲ್ಲ ಉಳ್ಳವರಿಗೆ ದೇವರು ಹೆಚ್ಚು ಹತ್ತಿರವಾಗುವ ಅನ್ಯಾಯವನ್ನು ಅವರು ಕಂಡಿದ್ದರು. ಆದರೆ ವಿಗ್ರಹಪರಂಪರೆ ತನ್ನ ಒಳಗೇ ಈ ಎಚ್ಚರವನ್ನು ಇಟ್ಟುಕೊಂಡಿದೆ. ಗುಡಿಯ ಜೀರ್ಣೋದ್ಧಾರದ ಸಮಯದಲ್ಲಿ ಕಳಾಕರ್ಷಣವೆಂಬ ಕರ್ಮದಿಂದ ವಿಗ್ರಹದಲ್ಲಿನ ದೇವತಾಶಕ್ತಿಯನ್ನು ಕಲಶದ ನೀರಿಗೆ ಇಳಿಸಿಕೊಳ್ಳುತ್ತಾರೆ. ಅಷ್ಟು ಕಾಲ ಗರ್ಭಗುಡಿಯಲ್ಲಿರುವುದು ಕಲ್ಲು. ಚೌತಿಯ ಮಣ್ಣಿನ ಗಣಪತಿಯನ್ನು ಆವಾಹಿಸಿ, ಪೂಜಿಸಿ, ನೀರಿಗೆ ಬಿಡುತ್ತಾರೆ. ತುಳುನಾಡಿನ ನಾಗಮಂಡಲದಲ್ಲಿ ಬಣ್ಣದ ಪುಡಿಗಳಿಂದ ಬರೆದ ಸರ್ಪಗಳ ಮಹಾಚಿತ್ರವನ್ನು ಸೇವೆ ಮುಗಿದೊಡನೆ ಅಳಿಸಿಬಿಡುತ್ತಾರೆ, ಮರುಭೂಮಿಯ ನೆಲದ ಚಿತ್ರವೂ ಹಾಗೆಯೇ ಅಳಿಯುತ್ತದೆ. ದೈವವು ರೂಪಕ್ಕೆ ಬರುತ್ತದೆ, ಕರೆದವರ ಶಿಸ್ತು ಇರುವಷ್ಟು ಕಾಲ ನಿಲ್ಲುತ್ತದೆ, ಹೊರಟುಹೋಗುತ್ತದೆ. ರೂಪವೇ ದೈವವೆಂದು ಈ ವಿಧಿಗಳಲ್ಲಿ ಯಾವುದೂ ಹೇಳುವುದಿಲ್ಲ. ರೂಪವನ್ನು ಹಗುರವಾಗಿ ಕಾಣಬಾರದೆಂದು ಮಾತ್ರ ಅವು ಹೇಳುತ್ತವೆ, ಮತ್ತು ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ವಿಗ್ರಹಾರಾಧನೆಯ ತಾತ್ತ್ವಿಕ ಘನತೆ ಇದೆ.

ಹಾಗಾದರೆ ಶರಣರ ಪ್ರಶ್ನೆಯ ನಿಜವಾದ ಮೊನೆ ಇರುವುದು ಸಮಾಜದ ಕಡೆಗೆ. ಪಾವಿತ್ರ್ಯ ಹೊಣೆಯಿಂದ ಹುಟ್ಟುವುದಾದರೆ, ಆ ಹೊಣೆ ಹೊತ್ತವನನ್ನು ಪ್ರತಿಷ್ಠೆಯ ಮರುಗಳಿಗೆಯಿಂದ ಹೊರಗಿನವನಾಗಿ ಕಾಣುವುದು ಹೇಗೆ ಸಾಧು? ವಿಶ್ವಕರ್ಮರು ಈ ಪ್ರಶ್ನೆಯನ್ನು ಮೌನವಾಗಿ ಸಹಿಸಿಕೊಂಡು ಬಂದವರಲ್ಲ. ಮುಳಬಾಗಿಲಿನಿಂದ ಪೂರ್ವಕ್ಕೆ ಗಡಿಯಾಚೆ ಇರುವ ಚಿತ್ತೂರಿನ ಜಿಲ್ಲಾ ನ್ಯಾಯಾಲಯದಲ್ಲಿ ತಮ್ಮ ವೈದಿಕ ಸಂಸ್ಕಾರಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕಿಗಾಗಿ ಅವರು ಹೂಡಿದ ವ್ಯಾಜ್ಯ 1818ರಲ್ಲಿ ಅವರ ಪರವಾಗಿ ತೀರ್ಪಾಯಿತು. ತಮ್ಮ ಮನೆಗಳಲ್ಲಿ ಉಪನಯನವನ್ನೂ ತಮ್ಮ ಕಾಳಿಕಾಂಬಾ ದೇವಾಲಯಗಳಲ್ಲಿ ಪೂಜೆಯನ್ನೂ ಅವರು ನಡೆಸಿಕೊಂಡು ಬಂದಿದ್ದಾರೆ. ಮರುಭೂಮಿಯ ವ್ಯವಸ್ಥೆಯಿಂದ ಕಲಿಯಬೇಕಾದದ್ದು ಇಲ್ಲಿದೆ. ಅಲ್ಲಿ ಚಿತ್ರ ಸಾಗರದಾಚೆ ಹೋದರೂ ಅದರ ಕಥೆಗೂ ಬಿಡಿಸಿದವರ ಮನೆತನಕ್ಕೂ ನಂಟು ಕಡಿಯುವುದಿಲ್ಲ, ಮತ್ತು ಒಡೆಯನ ಜೊತೆಗೆ ಉಸ್ತುವಾರಿ ಮಾಡುವವನೂ ಅಷ್ಟೇ ಅಗತ್ಯದವನೆಂದು ಎಲ್ಲರೂ ಒಪ್ಪುತ್ತಾರೆ. ಅರ್ಚಕ ಮತ್ತು ಶಿಲ್ಪಿಗಳ ಸಂಬಂಧವನ್ನು ಈ ಬೆಳಕಿನಲ್ಲಿ ಮತ್ತೆ ಯೋಚಿಸಬಹುದು: ಒಬ್ಬ ದೈವವನ್ನು ದಿನವೂ ಕರೆಯುವವನು, ಇನ್ನೊಬ್ಬ ಅದು ಬಂದು ನಿಲ್ಲಬಹುದಾದ ರೂಪಕ್ಕೆ ಜಾಮೀನು ನಿಂತವನು. ಇಬ್ಬರಲ್ಲಿ ಯಾರನ್ನು ಕಳೆದರೂ ಗರ್ಭಗುಡಿ ಬರಿದಾಗುತ್ತದೆ.

ಈ ಮಾತು ಇಂದು ಇನ್ನೂ ಹೆಚ್ಚು ಸಲ್ಲುತ್ತದೆ. ಕಲ್ಲು ಕೊಯ್ಯುವ ಯಂತ್ರ, ಗಣಕದ ಅಪ್ಪಣೆಯಂತೆ ಕೆತ್ತುವ ಯಂತ್ರ, ಅಚ್ಚಿನಲ್ಲಿ ಎರೆದ ಫೈಬರ್ ವಿಗ್ರಹಗಳು ಬಂದಿವೆ. ಯಂತ್ರ ಬಂದದ್ದರಿಂದ ಪಾವಿತ್ರ್ಯ ಕೆಟ್ಟಿತೆನ್ನುವುದು ಆತುರದ ತೀರ್ಮಾನ. ಸುತ್ತಿಗೆಯೂ ಒಂದು ಕಾಲದಲ್ಲಿ ಹೊಸ ಸಾಧನವೇ, ಮತ್ತು ಮರುಭೂಮಿಯ ಹಿರಿಯರು ಅಂಗಡಿಯಿಂದ ತಂದ ಅಕ್ರಿಲಿಕ್ ಬಣ್ಣದಲ್ಲಿ ಪೂರ್ವಜರನ್ನು ಬಿಡಿಸಲು ಹಿಂಜರಿಯಲಿಲ್ಲ. ಯುಟೋಪಿಯ ಎಂಬ ನೆಲೆಯ ಎಮಿಲಿ ಕಾಮೆ ಉಂಗ್ವಾರೆ ಎಂಬತ್ತರ ಸಮೀಪದ ವಯಸ್ಸಿನಲ್ಲಿ ಆ ಬಣ್ಣವನ್ನು ಕೈಗೆತ್ತಿಕೊಂಡು, 1996ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ನೆಲದ ಕಾಡುಗೆಣಸಿನ ಬೇರುಗಳನ್ನು ಮತ್ತೆ ಮತ್ತೆ ಬಿಡಿಸಿದರು. ಸಾಧನ ಹೊಸದಾದರೂ ಅವರ ಬದ್ಧತೆ ಹಳೆಯದೇ ಆಗಿತ್ತು. ಯಂತ್ರದಿಂದ ಬಂದ ವಿಗ್ರಹದ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೇ: ಇದರ ಮಾನವನ್ನು ಎಣಿಸಿದವರು ಯಾರು, ಇದರ ಕಲ್ಲನ್ನು ತಟ್ಟಿ ನೋಡಿದವರು ಯಾರು, ದೋಷ ಕಂಡರೆ ಇದಕ್ಕೆ ಉತ್ತರ ಹೇಳುವವರು ಯಾರು? ಉತ್ತರ ಹೇಳುವ ಮನುಷ್ಯನೊಬ್ಬ ಇರುವ ತನಕ ಮಾರಾಟವೂ ಯಂತ್ರವೂ ವಿಗ್ರಹಕ್ಕೆ ಕುಂದು ತರಲಾರವು. ಅವನಿಲ್ಲದ ಕಡೆ ಎಷ್ಟು ನಿಖರವಾಗಿ ಕೆತ್ತಿದರೂ ಅದು ಬರಿಯ ಆಕಾರ. ಆದ್ದರಿಂದ ಶಿವಾರಪಟ್ಟಣದಿಂದ ವಿಗ್ರಹ ತರುವ ಊರು ಹಣದ ಲೆಕ್ಕ ಮುಗಿದ ಮೇಲೂ ಶಿಲ್ಪಿಯ ಋಣದಲ್ಲಿರುತ್ತದೆ. ಅವನ ಹೆಸರನ್ನು ಗುಡಿಯ ಶಾಸನದಲ್ಲಿ ಬರೆಸುವುದು, ಪ್ರತಿವರ್ಷದ ಪ್ರತಿಷ್ಠಾದಿನದಂದು ಅವನ ಮನೆತನವನ್ನು ಕರೆದು ಗೌರವಿಸುವುದು, ವಿಗ್ರಹಕ್ಕೆ ಸಂಬಂಧಿಸಿದ ಯಾವ ತೀರ್ಮಾನದಲ್ಲೂ ಅವನ ಮಾತು ಕೇಳುವುದು ಆ ಋಣವನ್ನು ಒಪ್ಪಿಕೊಳ್ಳುವ ದಾರಿಗಳು. ಇವು ಶಿಲ್ಪಿಗೆ ತೋರುವ ಔದಾರ್ಯವಲ್ಲ, ಪೂಜಿಸುವವರು ತಮ್ಮ ಪೂಜೆಗೆ ಸಲ್ಲಿಸಬೇಕಾದ ನಿಷ್ಠೆ.